ಹಿತ್ತಲಿನ ವಿಚಾರ: ಗರಿ ಉದುರುವ ಕೋಳಿಯೂ ಚಿಪ್ಪು ತೆಳುವಾದ ಮೊಟ್ಟೆಯೂ

ವ್ಯಾಕರಣದ ಪಾಠದಲ್ಲಿ ಹ್ರಸ್ವ, ದೀರ್ಘ, ಪ್ಲುತ ಎಂಬ ಮೂರು ಬಗೆಯ ಸ್ವರಗಳನ್ನು ತಿಳಿಸುವಾಗ ಕೋಳಿಯ ಕೂಗನ್ನು ನಿದರ್ಶನವಾಗಿ ಹೇಳುವುದು ಸಂಸ್ಕೃತ ಪಂಡಿತರ ಹಳೆಯ ವಾಡಿಕೆ. ಒಂದು ಮಾತ್ರೆ, ಎರಡು ಮಾತ್ರೆ, ಮೂರು ಮಾತ್ರೆಗಳ ಕಾಲಪ್ರಮಾಣವು ಆ ಒಂದು ಕೂಗಿನಲ್ಲಿಯೇ ಕ್ರಮವಾಗಿ ಕೇಳಿಬರುವುದಷ್ಟೆ. ನಾನೂ ಸಹ ಸುರಪುರ, ಶಹಾಪುರ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷಗಳ ಕಾಲ ಹುಡುಗರ ಮುಂದೆ ಕೋಳಿಯಂತೆ ಕೂಗಿ ಈ ಪಾಠವನ್ನು ಒಪ್ಪಿಸಿದವನೇ. ಆದರೆ ಕೂಗುವ ಆ ಪ್ರಾಣಿಯನ್ನು ಕೈಯಲ್ಲಿ ಹಿಡಿದು, ಅದರ ಗರಿಯನ್ನು ಬಿಡಿಸಿ ನೋಡುವ ಪ್ರಸಂಗವು ನಿವೃತ್ತನಾಗುವವರೆಗೂ ನನಗೆ ಬಂದಿರಲಿಲ್ಲ. ಬಂದಾಗ ನಾನು ತಪ್ಪಿದೆನು. ಆ ತಪ್ಪನ್ನು ಮೊದಲು ಒಪ್ಪಿಕೊಂಡು ಅನಂತರ ವಿಷಯಕ್ಕೆ ಬರುವುದು ಉಚಿತವೆಂದು ತೋರುತ್ತದೆ.

ಕಳೆದ ವರ್ಷದ ಚೈತ್ರಮಾಸದ ಮಾತು. ನಮ್ಮ ನೆರೆಮನೆಯ ಹೆಣ್ಣುಮಗಳೊಬ್ಬಳು ಎಂಟು ಹೇಂಟೆಗಳನ್ನೂ ಎರಡು ಹುಂಜಗಳನ್ನೂ ಸಾಕಿಕೊಂಡಿದ್ದಾಳೆ. ಹೊಲದ ಹುಟ್ಟುವಳಿಯ ಹಣವು ಮನೆಯ ಗಂಡಸರ ಕೈಸೇರುವುದು. ಮೊಟ್ಟೆಯ ಹಣವೊಂದು ಮಾತ್ರ ಅವಳ ಸೆರಗಿನ ಗಂಟು. ಮಗಳ ಪುಸ್ತಕ, ಬಸ್ಸಿನ ಚೀಟಿ, ಪರೀಕ್ಷೆಯ ಶುಲ್ಕ ಎಲ್ಲವೂ ಆ ಗಂಟಿನಿಂದಲೇ ನಡೆಯತಕ್ಕವು. ಒಂದು ದಿನ ಮುಂಜಾನೆ ಆಕೆ ನಮ್ಮ ಕಟ್ಟೆಯ ಬಳಿಗೆ ಬಂದು, “ಮಾಸ್ತರ್ರೀ, ನಮ್ಮ ಕೋಳಿಗೋಳು ಬೋಳಾಗಾಕತ್ಯಾವ್ರಿ. ತತ್ತಿ ಕೈಯಾಗ ಹಿಡದ್ರ ಪಟ್ನೆ ಒಡೀತಾವ. ಮೈದುನ ಎಲ್ಲಾನೂ ಸಂತಿಗೆ ಹಾಕಿ ಬಿಡು ಅಂತಾನ. ನೀವು ಓದಿದವರು, ಒಂದು ಮಾತು ಹೇಳ್ರಿ” ಎಂದು ಕೇಳಿದಳು.

ಪಕ್ಷಿಗಳು ವರ್ಷಕ್ಕೊಮ್ಮೆ ಹಳೆಯ ಗರಿಯನ್ನು ಕಳಚಿ ಹೊಸ ಗರಿಯನ್ನು ಧರಿಸುವುವೆಂದು ನಾನು ಎಲ್ಲಿಯೋ ಓದಿದ್ದೆನು. ಕುಳಿತ ಕಟ್ಟೆಯಿಂದ ಏಳದೆಯೇ, “ತಂಗೀ, ಅದು ಗರಿ ಬದಲಿಸುವ ಕಾಲ. ಚಿಂತೆ ಮಾಡಬೇಡ. ತಾನಾಗಿ ಸರಿಹೋಗುವುದು” ಎಂದುಬಿಟ್ಟೆನು. ಅವಳು ನಂಬಿ ಹೋದಳು. ಮೂರು ವಾರಗಳೊಳಗೆ ಎರಡು ಹೇಂಟೆಗಳು ಜುಟ್ಟು ಬಿಳಿಚಿ, ಕಾಲು ಸೋತು ಸತ್ತವು. ಆಗ ನಾನು ನಾಚಿಕೊಂಡು ತಾಲೂಕಿನ ಪಶುವೈದ್ಯರ ಬಳಿಗೆ ಹೋದೆನು. ಅವರು ಔಷಧವನ್ನು ಹೇಳುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿದರು: ಗರಿ ಮೈಯ ಯಾವ ಭಾಗದಲ್ಲಿ ಹೋಗಿದೆ? ಯಾವ ತಿಂಗಳಿನಿಂದ ಹೋಗುತ್ತಿದೆ? ರಾತ್ರಿಯಲ್ಲಿ ಗೂಡನ್ನು ನೋಡಿದಿರಾ? ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ರೋಗದ ಕಾರಣವನ್ನು ಅರಿಯುವುದಕ್ಕೆ ವೈದ್ಯಶಾಸ್ತ್ರದಲ್ಲಿ ‘ನಿದಾನ’ವೆಂದು ಹೆಸರು. ಅಲ್ಪಪ್ರಾಣದ ದಕಾರವನ್ನು ಮಹಾಪ್ರಾಣ ಮಾಡಿ ಹುಡುಗರು ಇದನ್ನು ‘ನಿಧಾನ’ ಎಂದು ಬರೆದಾಗಲೆಲ್ಲ ನಾನು ಕೆಂಪು ಮಸಿಯಿಂದ ಗೀಟು ಹಾಕುತ್ತಿದ್ದೆನು. ಈಗ ಯೋಚಿಸಿದರೆ ಆ ಹುಡುಗರ ತಪ್ಪಿನಲ್ಲಿಯೂ ಒಂದು ಅರ್ಥವುಂಟು. ನಿಧಾನವಿಲ್ಲದ ನಿದಾನವು ಕೆಲಸಕ್ಕೆ ಬಾರದು. ಮಾಧವಕರನ ‘ಮಾಧವನಿದಾನ’ದಂತಹ ಗ್ರಂಥಗಳಲ್ಲಿ ರೋಗವನ್ನು ಗುರುತಿಸಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಗಳೆಂದು ಐದು ಸಾಧನಗಳನ್ನು ಹೇಳಿದೆ. ನಾನು ರೂಪವೊಂದನ್ನು, ಅದನ್ನೂ ಕಣ್ಣಿನಿಂದ ಕಾಣದೆ ಕಿವಿಯಿಂದ ಕೇಳಿ, ತೀರ್ಪು ಕೊಟ್ಟಿದ್ದೆನು.

ಆದುದರಿಂದ ಈ ತಿಂಗಳು ವಾಚಕರ ಮುಂದಿಡುವ ಮುಖ್ಯವಾದ ಮಾತು ಇದು: ಗರಿ ಉದುರುವುದೂ ಚಿಪ್ಪು ತೆಳುವಾಗುವುದೂ ರೋಗಗಳಲ್ಲ, ಲಕ್ಷಣಗಳು. ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಎರಡಕ್ಕೂ ಒಂದೇ ಕಾರಣವೆಂದು ತಿಳಿಯಕೂಡದು. ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸತಕ್ಕದ್ದು.

ಮೊದಲು ಗರಿಯ ವಿಚಾರ. ಕೋಳಿಯು ಗರಿ ಬದಲಿಸುವುದು ನಿಜವೇ. ನಮ್ಮ ಸುರಪುರ ತಾಲೂಕಿನ ಬೋನಾಳ ಕೆರೆಯ ಪಕ್ಷಿಧಾಮಕ್ಕೆ ಬರುವ ಹಕ್ಕಿಗಳೂ ಗರಿ ಬದಲಿಸತಕ್ಕವೇ. ಅವಕ್ಕೆ ರೋಗವೆಂದು ಯಾರೂ ಹೇಳುವುದಿಲ್ಲ. ಆದರೆ ಈ ಕ್ರಿಯೆಗೆ ಒಂದು ಕಾಲವೂ ಒಂದು ಕ್ರಮವೂ ಉಂಟು. ಬಹುಮಟ್ಟಿಗೆ ಮಳೆಗಾಲವು ಕಳೆದು ಹಗಲು ಕಿರಿದಾಗುತ್ತ ಬರುವ ಆಶ್ವಯುಜ, ಕಾರ್ತಿಕಗಳಲ್ಲಿ, ಒಂದು ವರ್ಷಕಾಲ ಮೊಟ್ಟೆಯಿಟ್ಟು ದಣಿದ ಹೇಂಟೆಯು ಗರಿ ಕಳಚಲಾರಂಭಿಸುವುದು. ಮರಿಮಾಡಿ ಎದ್ದ ಹೇಂಟೆಯೂ, ಕೆಲವು ದಿನ ನೀರು ಮೇವುಗಳಿಲ್ಲದೆ ಬಳಲಿದ ಹೇಂಟೆಯೂ ಅಕಾಲದಲ್ಲಿ ಹೀಗೆ ಮಾಡುವುದುಂಟು. ಮೊದಲು ತಲೆ ಕೊರಳುಗಳ ಗರಿ, ಬಳಿಕ ಎದೆ ಬೆನ್ನುಗಳದು, ಆಮೇಲೆ ರೆಕ್ಕೆ ಬಾಲಗಳದು ಎಂಬುದು ಸಾಮಾನ್ಯ ಕ್ರಮ. ಹಳೆಯದು ಬಿದ್ದ ಸ್ಥಳದಲ್ಲಿ ಮುಳ್ಳಿನಂತೆ ಚೂಪಾದ ಮೊಳಕೆಗರಿಗಳು ಮೂಡಿರುವುದು ಇದರ ನಿಶ್ಚಿತ ಚಿಹ್ನೆ. ಎರಡು ಮೂರು ತಿಂಗಳಲ್ಲಿ ಕೆಲಸ ಮುಗಿಯುವುದು. ಅಷ್ಟು ಕಾಲ ಮೊಟ್ಟೆ ನಿಲ್ಲುವುದು ಸಹಜ. ಗರಿಯ ಬಹುಭಾಗವು, ನೂರಕ್ಕೆ ಎಂಬತ್ತೈದಕ್ಕಿಂತಲೂ ಹೆಚ್ಚು, ಪ್ರೋಟೀನೆಂಬ ಮಾಂಸವರ್ಧಕ ದ್ರವ್ಯದಿಂದಲೇ ಆದುದು. ಮೈಗೆ ಬಟ್ಟೆ ನೇಯುತ್ತಿರುವಾಗ ಮೊಟ್ಟೆಗೆ ಸಾಮಗ್ರಿ ಎಲ್ಲಿಂದ ಬರಬೇಕು? ಈ ಸಮಯದಲ್ಲಿ ‘ತಿಂದು ಕೂತಿದೆ’ ಎಂದು ಹೇಂಟೆಯನ್ನು ಮಾರುವವರು, ಮುಂದೆ ಅನೇಕ ತಿಂಗಳು ಮೊಟ್ಟೆಯಿಡುವುದಕ್ಕೆ ಸಿದ್ಧವಾಗುತ್ತಿರುವ ಪ್ರಾಣಿಯನ್ನು ಮಾರಿದಂತಾಯಿತು.

ನಮ್ಮ ನೆರೆಯವಳ ಕೋಳಿಗಳು ಗರಿ ಕಳೆದುಕೊಂಡಿದ್ದು ಚೈತ್ರದಲ್ಲಿ. ಒಂದೆರಡಲ್ಲ, ಬಹುತೇಕ ಎಲ್ಲವೂ. ಮುಳ್ಳುಮೊಳಕೆ ಯಾವುದರಲ್ಲಿಯೂ ಇರಲಿಲ್ಲ. ಇಷ್ಟನ್ನು ನೋಡಿದ್ದರೆ ನನ್ನ ತೀರ್ಪು ನನ್ನ ಬಾಯಿಂದ ಹೊರಡುತ್ತಿರಲಿಲ್ಲ.

ಇನ್ನು ಗರಿ ಹೋದ ಸ್ಥಳವನ್ನು ನೋಡಬೇಕು. ಅದೇ ಅರ್ಧ ಕಾರಣವನ್ನು ಹೇಳಿಬಿಡುವುದು. ಬೆನ್ನಿನ ಮೇಲೆಯೂ ರೆಕ್ಕೆಯ ಹೆಗಲಿನಲ್ಲಿಯೂ ನೆತ್ತಿಯ ಹಿಂಭಾಗದಲ್ಲಿಯೂ ಗರಿಯು ಮುರಿದು ಬೋಳಾಗಿದ್ದರೆ ಹುಂಜದ ಕಾಲುಗುರು ಮತ್ತು ಕೊಕ್ಕುಗಳೇ ಕಾರಣ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಎರಡಿದ್ದರೆ ಹೇಂಟೆಗಳಿಗೆ ನೆಮ್ಮದಿಯಿಲ್ಲ. ಎದೆ ಹೊಟ್ಟೆಗಳು ಮಾತ್ರ ಬೋಳಾಗಿದ್ದು, ಕೋಳಿಯು ಗೂಡು ಬಿಟ್ಟೇಳದೆ ಗುರುಗುಟ್ಟುತ್ತಿದ್ದರೆ ಅದು ಕಾವಿಗೆ ಕುಳಿತಿದೆ. ಮೊಟ್ಟೆಗೆ ಮೈಯ ಬಿಸಿ ತಗಲಲೆಂದು ತಾನೇ ಗರಿ ಕಿತ್ತುಕೊಂಡಿರುವುದು. ಹುಟ್ಟಿನಿಂದಲೇ ಕೊರಳಿನಲ್ಲಿ ಗರಿಯಿಲ್ಲದ ಜಾತಿಯ ಕೋಳಿಗಳೂ ಉಂಟು. ಅದು ರೋಗವಲ್ಲ, ಕುಲಲಕ್ಷಣ. ಬಾಲದ ಬುಡದಲ್ಲಿ ರಕ್ತದ ಗುರುತಿದ್ದರೆ ಕೋಳಿಗಳು ಒಂದನ್ನೊಂದು ಕುಕ್ಕುತ್ತಿವೆಯೆಂದು ತಿಳಿಯಬೇಕು. ಇಕ್ಕಟ್ಟಾದ ಸ್ಥಳದಲ್ಲಿ ಕೂಡಿಹಾಕುವುದು, ಆಹಾರದಲ್ಲಿ ಪ್ರೋಟೀನೂ ಉಪ್ಪೂ ಕಡಿಮೆಯಾಗುವುದು, ಕೆದಕಲು ಏನೂ ಇಲ್ಲದಿರುವುದು ಇದಕ್ಕೆ ಕಾರಣಗಳು. ರಕ್ತ ಕಂಡ ಕೋಳಿಯನ್ನು ತತ್‌ಕ್ಷಣವೇ ಬೇರ್ಪಡಿಸತಕ್ಕದ್ದು. ಏಕೆಂದರೆ ಉಳಿದವು ಆ ಕೆಂಪನ್ನು ಕಂಡು ಕುಕ್ಕಿ ಕೊಲ್ಲುವುವು.

ಗುದದ್ವಾರದ ಸುತ್ತಲೂ ರೆಕ್ಕೆಯ ಅಡಿಯಲ್ಲಿಯೂ ಗರಿ ಕೆದರಿ ತುಂಡಾಗಿದ್ದರೆ ಹೇನನ್ನು ಸಂಶಯಿಸಬೇಕು. ಕೋಳಿಯನ್ನು ಮಡಿಲಲ್ಲಿ ಅಂಗಾತ ಹಿಡಿದು ಅಲ್ಲಿಯ ಗರಿಯನ್ನು ಎರಡು ಬೆರಳುಗಳಿಂದ ಬಿಡಿಸಿದರೆ, ಹುಲ್ಲಿನ ಬಣ್ಣದ ಸಣ್ಣ ಹುಳುಗಳು ಬೆಳಕಿಗೆ ಹೆದರಿ ಓಡುವುದು ಕಾಣಿಸುವುದು. ಗರಿಯ ಬುಡದಲ್ಲಿ ಬಿಳಿಯ ಗಂಟುಗಂಟಾದ ಸೀರು ಅಂಟಿರುವುದು. ಈ ಹೇನು ಜನ್ಮವಿಡೀ ಕೋಳಿಯ ಮೈಯ ಮೇಲೆಯೇ ಇರುವುದರಿಂದ ಹಗಲಿನಲ್ಲಿಯೇ ಸಿಕ್ಕಿಬೀಳುವುದು. ಸೀರು ಒಡೆದು ಮತ್ತೆ ಮರಿಹೇನುಗಳು ಹೊರಡುವುದರಿಂದ ಒಂದು ಸಲದ ಉಪಚಾರ ಸಾಲದು. ಹತ್ತು ದಿನ ಬಿಟ್ಟು ಪುನಃ ಮಾಡಬೇಕು.

ಆದರೆ ಹೆಚ್ಚಿನ ಕಳ್ಳರು ರಾತ್ರಿ ಬರುವವರು. ಬಿಸಿಲೂ ಒಣಹವೆಯೂ ಉಳ್ಳ ನಮ್ಮ ಸೀಮೆಯಲ್ಲಿ ಕೋಳಿಯ ಉಣ್ಣಿಯ ಕಾಟವು ಬಹಳ. ಬೆಳೆದ ಉಣ್ಣಿಯು ಹಗಲೆಲ್ಲ ಮಣ್ಣಿನ ಗೋಡೆಯ ಬಿರುಕಿನಲ್ಲಿಯೋ ಹಳೆಯ ಬುಟ್ಟಿಯ ಹೆಣಿಗೆಯಲ್ಲಿಯೋ ಅಡಗಿದ್ದು, ಕತ್ತಲಾದ ಮೇಲೆ ಹೊರಟು ರಕ್ತ ಹೀರಿ ಬೆಳಗಾಗುವುದಕ್ಕೆ ಮುಂಚೆ ಬಿಲಕ್ಕೆ ಸೇರುವುದು. ಆಹಾರವಿಲ್ಲದೆ ವರ್ಷಕ್ಕೆ ಮೀರಿಯೂ ಬದುಕಬಲ್ಲ ಜೀವವಿದು; ಗೂಡನ್ನು ಬರಿದು ಬಿಟ್ಟ ಮಾತ್ರಕ್ಕೆ ಸಾಯುವುದಿಲ್ಲ. ಇದು ರಕ್ತ ಕುಡಿಯುವುದಲ್ಲದೆ ಜ್ವರರೋಗವನ್ನೂ ಅಂಟಿಸುವುದು. ಹಾಗೆಯೇ ಕೆಂಪು ನುಸಿಯೂ ರಾತ್ರಿಸಂಚಾರಿಯೇ. ಹಗಲು ಕೋಳಿಯ ಮೈಯನ್ನು ಎಷ್ಟು ಹುಡುಕಿದರೂ ಇವು ಸಿಗಲಾರವು.

ಆ ದಿನ ರಾತ್ರಿ ಹತ್ತು ಗಂಟೆಗೆ ನಾನೂ ಆ ಹೆಣ್ಣುಮಗಳೂ ಅವಳ ಮಗಳೂ ಬ್ಯಾಟರಿ ಹಿಡಿದು ಗೂಡಿನ ಬಳಿಗೆ ಹೋದೆವು. ಬೆಳಕು ಬಿದ್ದೊಡನೆ ಗೋಡೆಯ ಬಿರುಕುಗಳು ಚಲಿಸಿದಂತೆ ಕಂಡವು. ಹುಣಸೆಯ ಬೀಜದಂತೆ ಚಪ್ಪಟೆಯಾದ ಉಣ್ಣಿಗಳು ಸಾಲುಸಾಲಾಗಿ ಇಳಿದುಬರುತ್ತಿದ್ದವು. ಮಗಳು ಬಾಯಿಗೆ ಸೆರಗು ಹಿಡಿದು ನಿಂತಳು. ಎರಡು ಹೇಂಟೆಗಳು ಬಿಳಿಚಿಕೊಂಡು ಸತ್ತ ಕಾರಣವು ನಮ್ಮ ಕಣ್ಣ ಮುಂದಿತ್ತು. ಬೆಳಿಗ್ಗೆ ಕೋಳಿಗಳ ಮೈಯಲ್ಲಿ ಹೇನೂ ಸಿಕ್ಕಿತು, ಬೆನ್ನಿನಲ್ಲಿ ಹುಂಜದ ಉಗುರಿನ ಗೀರೂ ಸಿಕ್ಕಿತು. ಒಂದು ಗೂಡಿನಲ್ಲಿ ಮೂರು ಕಾರಣಗಳು.

ಇಂತಹ ಸಂದರ್ಭದಲ್ಲಿ ಮಾಡತಕ್ಕ ಕೆಲಸ ಹೀಗೆ. ಹಳೆಯ ಬುಟ್ಟಿಯನ್ನೂ ಹಾಸಿದ ಹುಲ್ಲನ್ನೂ ಸುಟ್ಟುಬಿಡುವುದು. ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ಒಳಗೂ ಹೊರಗೂ ಸುಣ್ಣ ಬಳಿಯುವುದು. ಕೋಳಿಗಳು ಕೂರುವ ಕೋಲನ್ನು ಗೋಡೆಗೆ ತಾಗದಂತೆ ನಿಲ್ಲಿಸಿ, ಅದರ ಕಾಲುಗಳನ್ನು ಎಣ್ಣೆ ಹಾಕಿದ ಬಟ್ಟಲುಗಳಲ್ಲಿಡುವುದು. ಒಣಗಿದ ಬೂದಿಯನ್ನೂ ಮರಳನ್ನೂ ಬೆರೆಸಿ ಒಂದು ಗುಣಿಯಲ್ಲಿ ತುಂಬಿದರೆ ಕೋಳಿಗಳು ತಾವೇ ಅದರಲ್ಲಿ ಹೊರಳಿ ಹೇನಿನ ಕಾಟವನ್ನು ಕಡಿಮೆ ಮಾಡಿಕೊಳ್ಳುವುವು. ಇಷ್ಟರಿಂದ ಹೋಗದಿದ್ದರೆ ಪಶುವೈದ್ಯರು ಹೇಳಿದ ಔಷಧವನ್ನು, ಅವರು ಹೇಳಿದ ಪ್ರಮಾಣದಲ್ಲಿ ಹಚ್ಚತಕ್ಕದ್ದು. ಅನಂತರ ಎಷ್ಟು ದಿನ ಮೊಟ್ಟೆ ತಿನ್ನಕೂಡದೆಂಬುದನ್ನೂ ಕೇಳಿಕೊಳ್ಳತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ. ನಮ್ಮದು ಹತ್ತಿ ತೊಗರಿಗಳ ಸೀಮೆ. ಕೀಟಗಳಿಗೆ ಸಿಂಪಡಿಸಿ ಉಳಿದ ವಿಷದ ಡಬ್ಬಿಯು ಅನೇಕರ ಮನೆಯ ಮೂಲೆಯಲ್ಲಿ ಇರುವುದು. ‘ಹುಳಕ್ಕೆ ಹುಳದ ಔಷಧ’ವೆಂದು ಅದನ್ನೇ ಕೋಳಿಯ ಮೈಗೆ ಬಳಿಯುವವರನ್ನು ನಾನು ಬಲ್ಲೆನು. ಬೆಳೆಯ ವಿಷವು ಚರ್ಮದಿಂದಲೂ ಉಸಿರಿನಿಂದಲೂ ಕೋಳಿಯ ಒಳಹೊಕ್ಕು ಅದನ್ನು ಕೊಲ್ಲಬಲ್ಲುದು. ಸಾಯದೆ ಉಳಿದ ಕೋಳಿಯ ಮೊಟ್ಟೆಯಲ್ಲಿ ಆ ವಿಷದ ಅಂಶ ಸೇರಿದರೆ, ಅದನ್ನು ತಿನ್ನುವವರು ಮನೆಯ ಮಕ್ಕಳೇ ಅಲ್ಲವೆ? ಈ ಕೆಲಸವನ್ನು ಎಂದಿಗೂ ಮಾಡಕೂಡದು.

ಇನ್ನು ಚಿಪ್ಪಿನ ವಿಚಾರ. ಒಂದು ಮೊಟ್ಟೆ ಸಿದ್ಧವಾಗುವುದಕ್ಕೆ ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಗಳಷ್ಟು ಕಾಲ ಚಿಪ್ಪು ಕಟ್ಟುವುದರಲ್ಲಿಯೇ ಕಳೆಯುವುದು. ಆ ಕೆಲಸದ ಹೆಚ್ಚಿನ ಪಾಲು ರಾತ್ರಿಯಲ್ಲಿ ನಡೆಯುವುದು. ಚಿಪ್ಪೆಂದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸುಣ್ಣಕಲ್ಲಿನ ದ್ರವ್ಯವೇ. ಒಂದು ಚಿಪ್ಪಿನಲ್ಲಿ ಕ್ಯಾಲ್ಸಿಯಂ ಎಂಬ ಸುಣ್ಣದಂಶವು ಸುಮಾರು 2 ಗ್ರಾಂ, ಎಂದರೆ 2000 ಮಿಲಿಗ್ರಾಂ ಇರುವುದು. ನಮ್ಮ ಮನೆಗಳಲ್ಲಿ ಕೋಳಿಗೆ ಎರಚುವುದು ಜೋಳ. ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಮಿಗೂ ಕಡಿಮೆ. ಶಾಲೆಯ ಹುಡುಗರು ಸಹ ಈ ಲೆಕ್ಕವನ್ನು ಮಾಡಬಲ್ಲರು: ಬರಿಯ ಜೋಳದಿಂದ ಒಂದು ಚಿಪ್ಪು ಕಟ್ಟಬೇಕಾದರೆ ಕೋಳಿಯು ಸುಮಾರು ಏಳು ಕಿಲೋ ಜೋಳವನ್ನು ತಿನ್ನಬೇಕು! ದಿನಕ್ಕೆ ನೂರು ಗ್ರಾಮಿನ ಸುಮಾರು ತಿನ್ನುವ ಪ್ರಾಣಿ ಅದು. ಕೊರತೆಯನ್ನು ಎಲ್ಲಿಂದ ತುಂಬುವುದು? ತನ್ನ ಎಲುಬಿನಿಂದ. ಕೆಲವು ದಿನ ಎಲುಬಿನ ಸಾಲದ ಮೇಲೆ ಚಿಪ್ಪು ಗಟ್ಟಿಯಾಗಿಯೇ ಬರುವುದು. ಸಾಲ ತೀರದಿದ್ದರೆ ಚಿಪ್ಪು ತೆಳುವಾಗುವುದು, ಬಳಿಕ ಪೊರೆಯೊಂದೇ ಉಳಿದ ಮೆತ್ತನೆಯ ಮೊಟ್ಟೆ ಬೀಳುವುದು, ಕೊನೆಗೆ ಕೋಳಿಯ ಕಾಲೇ ಸೋಲುವುದು.

ಊರಕೋಳಿಯು ವರ್ಷಕ್ಕೆ ಅರವತ್ತರ ಸುಮಾರು ಮೊಟ್ಟೆಯಿಡುವುದರಿಂದ ಹಿತ್ತಲನ್ನು ಕೆದಕಿ ಹೇಗೋ ತೂಗಿಸಿಕೊಳ್ಳುವುದು. ಆದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಬಂದ ಗಿರಿರಾಜ, ಅನಂತರ 2005ರಲ್ಲಿ ಬಂದ ಸ್ವರ್ಣಧಾರಾ ಮುಂತಾದ ತಳಿಗಳು ಅದರ ಎರಡರಷ್ಟಕ್ಕೂ ಮಿಕ್ಕಿ ಮೊಟ್ಟೆಯಿಡುವುವು. ಹೆಚ್ಚು ದುಡಿಯುವವರಿಗೆ ಹೆಚ್ಚು ಊಟ ಬೇಕೆಂಬುದನ್ನು ಮರೆತು, ಊರಕೋಳಿಯ ಪಾಲನ್ನೇ ಇವಕ್ಕೂ ಹಾಕಿದರೆ ಚಿಪ್ಪು ತೆಳುವಾಗುವುದರಲ್ಲಿ ಆಶ್ಚರ್ಯವೇನು?

‘ನಮ್ಮ ಕೋಳಿ ದಿನವೂ ಕಲ್ಲು ನುಂಗುತ್ತದೆಯಲ್ಲ, ಸುಣ್ಣ ಸಾಲದೆ?’ ಎಂದು ಕೆಲವರು ಕೇಳುವರು. ಕಲ್ಲಿನಲ್ಲಿ ಕಲ್ಲಿಗೆ ವ್ಯತ್ಯಾಸವುಂಟು. ಯಾದಗಿರಿ, ಶಹಾಪುರ, ಸುರಪುರಗಳ ಗುಡ್ಡದ ಗಟ್ಟಿಕಲ್ಲು ಕೋಳಿಯ ಹೊಟ್ಟೆಯಲ್ಲಿ ಕಾಳನ್ನು ಅರೆಯುವ ಬೀಸುಗಲ್ಲಾಗುವುದೇ ಹೊರತು ಕರಗುವುದಿಲ್ಲ. ಭೀಮೆಯ ಸೀಮೆಯ ಶಹಾಬಾದ ಪರಸಿಯು ಸುಣ್ಣಕಲ್ಲಿನ ಜಾತಿಯದು. ಪರೀಕ್ಷೆ ಸುಲಭ: ಕಲ್ಲನ್ನು ಪುಡಿಮಾಡಿ ಅದರ ಮೇಲೆ ನಿಂಬೆಯ ರಸವನ್ನು ಹಿಂಡಿದರೆ, ಸುಣ್ಣಕಲ್ಲಾದರೆ ನೊರೆಯೇಳುವುದು; ಗುಡ್ಡದ ಕಲ್ಲಾದರೆ ಏನೂ ಆಗದು. ಮನೆಯ ನೆಲಕ್ಕೆ ಸುಣ್ಣಕಲ್ಲಿನ ಪರಸಿ ಹಾಸಿದ್ದು, ಅದರ ಮೇಲೆ ಅಡ್ಡಾಡುವ ಕೋಳಿಯು ಸುಣ್ಣವಿಲ್ಲದೆ ಬಳಲುವುದನ್ನು ನಮ್ಮ ಕಡೆಯ ಎಷ್ಟೋ ಅಂಗಳಗಳಲ್ಲಿ ಕಾಣಬಹುದು. ನೊರೆಯೇಳುವ ಕಲ್ಲೆಲ್ಲವೂ ಮೇವಿಗೆ ಯೋಗ್ಯವೆಂದಲ್ಲ; ಅದರಲ್ಲಿ ಬೇರೆ ಖನಿಜಗಳೂ ಬೆರೆತಿರಬಹುದು. ಆದುದರಿಂದ ಮೇವಿನ ಅಂಗಡಿಯಲ್ಲಿ ದೊರೆಯುವ ಕಪ್ಪೆಚಿಪ್ಪಿನ ನುಚ್ಚೇ ಉತ್ತಮ. ಅದಿಲ್ಲದಿದ್ದರೆ ಮನೆಯಲ್ಲಿ ಒಡೆದ ಮೊಟ್ಟೆಯ ಚಿಪ್ಪುಗಳನ್ನು ತೊಳೆದು, ಹಂಚಿನ ಮೇಲೆ ಚೆನ್ನಾಗಿ ಹುರಿದು, ಜೋಳದ ಕಾಳಿನಷ್ಟು ದಪ್ಪಕ್ಕೆ ಕುಟ್ಟಿ ಕೊಡಬಹುದು. ಹಿಟ್ಟಿನಂತೆ ನುಣ್ಣಗಾದರೆ ಬೇಗನೆ ಕರಗಿಹೋಗುವುದು. ತರಿಯಾಗಿದ್ದರೆ ಹೊಟ್ಟೆಯಲ್ಲಿ ನಿಂತು, ಚಿಪ್ಪು ಕಟ್ಟುವ ರಾತ್ರಿಯ ವೇಳೆಯಲ್ಲಿ ಒದಗುವುದು. ಸಂಜೆಯ ಹೊತ್ತಿಗೆ ಕೊಡುವುದು ಇದರಿಂದಲೇ ಮೇಲು. ಇಡೀ ಚಿಪ್ಪನ್ನು ಎಸೆಯಕೂಡದು. ಅದರ ಆಕಾರದ ಪರಿಚಯವಾದರೆ ಕೋಳಿಯು ತಾನಿಟ್ಟ ಮೊಟ್ಟೆಯನ್ನೇ ಕುಕ್ಕಿ ತಿನ್ನಲು ಕಲಿಯುವುದು. ನುಚ್ಚನ್ನು ಮೇವಿನಲ್ಲಿ ಬೆರೆಸದೆ ಬೇರೆ ಬಟ್ಟಲಲ್ಲಿಡಬೇಕು. ಬೇಕಾದ ಹೇಂಟೆಯು ಬೇಕಾದಷ್ಟು ತಿನ್ನುವುದು. ಮೊಟ್ಟೆಯಿಡದ ಮರಿಗಳಿಗೆ ಅತಿಯಾದ ಸುಣ್ಣವು ಮೂತ್ರಪಿಂಡಕ್ಕೆ ಕೇಡು.

ಸುಣ್ಣವಿದ್ದರೂ ಬಿಸಿಲಿನಲ್ಲಿ ಚಿಪ್ಪು ತೆಳುವಾಗುವುದುಂಟು. ನಮ್ಮ ಕಡೆ ಬೇಸಗೆಯಲ್ಲಿ ಉಷ್ಣವು 40 ಡಿಗ್ರಿಯನ್ನು ದಾಟುವುದು ಎಲ್ಲರಿಗೂ ಗೊತ್ತು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈಯನ್ನು ತಂಪು ಮಾಡಿಕೊಳ್ಳಬೇಕು. ಹಾಗೆ ಏದುವಾಗ ರಕ್ತದಲ್ಲಿಯ ಅಂಗಾರಾಮ್ಲ ವಾಯುವು ಮಿತಿಮೀರಿ ಹೊರಹೋಗುವುದು. ಚಿಪ್ಪಿನ ಸುಣ್ಣಕಲ್ಲು ಕಟ್ಟುವುದಕ್ಕೆ ಅದೂ ಬೇಕಾದ ಸಾಮಗ್ರಿಯೇ. ಅದರ ಮೇಲೆ ಸೆಕೆಗೆ ಕೋಳಿಯು ಮೇವನ್ನೂ ಕಡಿಮೆ ತಿನ್ನುವುದು. ಆದುದರಿಂದ ಬೇಸಗೆಯಲ್ಲಿ ಬೆಳಗಿನ ಜಾವಕ್ಕೂ ಸಂಜೆಗೂ ಮೇವು ಹಾಕಿ, ಮಧ್ಯಾಹ್ನ ನೆರಳಿನಲ್ಲಿ ಮಣ್ಣಿನ ಪಾತ್ರೆಯಲ್ಲಿ ತಣ್ಣೀರನ್ನಿಟ್ಟು ಎರಡು ಮೂರು ಸಲ ಬದಲಿಸಬೇಕು.

ಮುದಿ ಹೇಂಟೆಯ ಮೊಟ್ಟೆ ದೊಡ್ಡದಾಗುತ್ತ ಹೋಗುವುದು, ಆದರೆ ಸುಣ್ಣದ ಪಾಲು ಹೆಚ್ಚುವುದಿಲ್ಲ. ಹಾಗಾಗಿ ಚಿಪ್ಪು ತೆಳು. ಹೊಸದಾಗಿ ಮೊಟ್ಟೆಯಿಡುವ ಎಳೆಯ ಹೇಂಟೆಯದೂ, ನಾಯಿ ಬೆಕ್ಕುಗಳಿಗೆ ರಾತ್ರಿ ಬೆದರಿದ ಹೇಂಟೆಯದೂ ಒಂದೆರಡು ಮೊಟ್ಟೆ ಮೆತ್ತಗೆ ಬರಬಹುದು. ಇವಕ್ಕೆ ಔಷಧ ಬೇಡ. ಆದರೆ ಚಿಪ್ಪು ಸುಕ್ಕುಗಟ್ಟಿ, ಒಳಗಿನ ಬಿಳಿಯು ನೀರಾಗಿ, ಕೋಳಿಗಳು ಸೀನುತ್ತಿದ್ದರೆ ಅದು ಉಸಿರಾಟದ ಅಂಟುರೋಗ. ಆರೋಗ್ಯವಾಗಿ ಕಾಣುವ ಕೋಳಿಗಳೆಲ್ಲವೂ ಒಮ್ಮೆಲೇ ಚಿಪ್ಪಿಲ್ಲದ ಮೊಟ್ಟೆಯಿಡತೊಡಗುವ ಒಂದು ರೋಗವನ್ನು 1976ರಲ್ಲಿ ಹಾಲೆಂಡಿನಲ್ಲಿ ಗುರುತಿಸಲಾಯಿತು. ಕೊಕ್ಕರೆ ರೋಗದಲ್ಲಿಯೂ ಮೊಟ್ಟೆ ಕೆಡುವುದು. ಅದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ರಕ್ಷೆ. ಮರಿ ಹುಟ್ಟಿದ ಮೊದಲ ವಾರದಲ್ಲಿ ಹನಿಯನ್ನೂ, ಎಂಟು ವಾರಗಳ ಸುಮಾರಿಗೆ ಚುಚ್ಚುಮದ್ದನ್ನೂ ಹಾಕಿಸತಕ್ಕದ್ದು. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತರೆ ಅವನ್ನು ಕೈಯಿಂದ ಮುಟ್ಟದೆ, ಬಯಲಿಗೆ ಎಸೆಯದೆ, ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. ಬಿರುಕುಬಿಟ್ಟ ಮೊಟ್ಟೆಯಲ್ಲಿ ಕ್ರಿಮಿ ಸೇರುವುದು ಸುಲಭವಾದುದರಿಂದ ಅದನ್ನು ಮಾರಕೂಡದು, ಹಸಿಯಾಗಿ ಮಕ್ಕಳಿಗೆ ಕೊಡಲೂ ಕೂಡದು.

ಆಹಾರದ ಬಗೆಗೆ ಇನ್ನೊಂದು ಮಾತು. ಗರಿಗೂ ಮೊಟ್ಟೆಗೂ ಬೇಕಾದ ಪ್ರೋಟೀನು ಜೋಳದಲ್ಲಿ ಸಾಲದು. ಬೇಯಿಸಿದ ತೊಗರಿಯ ನುಚ್ಚು, ಶೇಂಗಾ ಹಿಂಡಿ, ಒಣಮೀನಿನ ಪುಡಿಗಳಲ್ಲಿ ದೊರೆತುದನ್ನು ಸೇರಿಸಬೇಕು. ಸಗಣಿಯನ್ನೂ ಕಣಿಕೆಯ ತುಂಡುಗಳನ್ನೂ ತುಂಬಿದ ಗಡಿಗೆಯನ್ನು ತೇವದ ನೆಲದ ಮೇಲೆ ಬೋರಲು ಹಾಕಿ ಗೆದ್ದಲು ಹಿಡಿದು ಮರಿಗಳಿಗೆ ಉಣಿಸುತ್ತಿದ್ದ ಹಿರಿಯರ ಉಪಾಯವೂ ಈ ಕೊರತೆಗೆ ತಕ್ಕುದೇ. ಆದರೆ ಬೂಸಲು ಹಿಡಿದ ಶೇಂಗಾ ಹಿಂಡಿಯನ್ನು ಹಾಕಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂತಹ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅಫ್ಲಟಾಕ್ಸಿನ್ ಎಂಬ ಬೂಸಲಿನ ವಿಷವು ಲೋಕಕ್ಕೆ ತಿಳಿದದ್ದು ಆ ದುರಂತದಿಂದಲೇ. ದನಗಳಿಗೆ ಹಾಕುವ ಹತ್ತಿಕಾಳಿನ ಹಿಂಡಿಯೂ ಕೋಳಿಗೆ ಸಲ್ಲದು. ಅದರೊಳಗಿನ ವಿಷದಿಂದ ಮೊಟ್ಟೆಯ ಹಳದಿಯ ಬಣ್ಣವೇ ಕೆಡುವುದು.

ನೆರೆಯವಳ ಕೋಳಿಗಳ ಕಥೆಯನ್ನು ಮುಗಿಸಬೇಕಷ್ಟೆ. ಸತ್ತ ಎರಡು ತಿರುಗಿ ಬರಲಿಲ್ಲ. ಅವುಗಳ ಬೆಲೆಯನ್ನು ನಾನು ಕೊಡಲು ಹೋದಾಗ ಆಕೆ ತೆಗೆದುಕೊಳ್ಳಲಿಲ್ಲ. ಒಂದು ಹುಂಜವು ಬೀಗರ ಮನೆಗೆ ಹೋಯಿತು. ಗೂಡಿಗೆ ಸುಣ್ಣ ಬಿತ್ತು, ಸುಣ್ಣದ ಬಟ್ಟಲೂ ಬಂತು. ಉಳಿದ ಆರು ಹೇಂಟೆಗಳ ಜುಟ್ಟು ಕ್ರಮೇಣ ಕೆಂಪೇರಿತು. ಆಷಾಢದ ಹೊತ್ತಿಗೆ ಐದರ ಮೊಟ್ಟೆ ಗಟ್ಟಿಯಾಯಿತು. ಅದು ಬಟ್ಟಲಿನ ಗುಣವೋ, ಮಳೆ ಬಿದ್ದು ನೆಲ ತಂಪಾದ ಗುಣವೋ ಎಂಬುದನ್ನು ನಾನು ಖಂಡಿತವಾಗಿ ಹೇಳಲಾರೆನು. ಎರಡೂ ಒಟ್ಟಿಗೆ ಬಂದವು. ಆರನೆಯದು ಮುದಿ ಹೇಂಟೆ. ಅದರ ಮೊಟ್ಟೆ ಇಂದಿಗೂ ತೆಳುವೇ. ಆದರೂ ಅದು ಒಳ್ಳೆಯ ಕಾವಿನ ಕೋಳಿಯೆಂದು, ಬೇರೆ ಹೇಂಟೆಗಳ ಮೊಟ್ಟೆಗಳನ್ನಿಟ್ಟು ಕೂರಿಸಲೆಂದು ಆಕೆ ಇಟ್ಟುಕೊಂಡಿದ್ದಾಳೆ. ಬೆನ್ನಿನ ಬೋಳು ಮಾತ್ರ ಬೇಗನೆ ತುಂಬಲಿಲ್ಲ. ಬುಡಸಹಿತ ಕಿತ್ತ ಗರಿಯು ಕೆಲವು ವಾರಗಳಲ್ಲಿ ಮತ್ತೆ ಮೂಡುವುದು. ತುಂಡಾಗಿ ಬುಡ ಉಳಿದುದು ಮುಂದಿನ ಗರಿ ಬದಲಿಸುವ ಕಾಲದವರೆಗೆ ಕಾಯಿಸುವುದು.

ಆ ಕಾಲವೂ ಬಂತು. ಕಾರ್ತಿಕದ ಒಂದು ಬೆಳಿಗ್ಗೆ ಅವಳ ಅಂಗಳದ ತುಂಬ ಗರಿ ಹಾರುತ್ತಿರುವುದನ್ನು ಕಂಡು, ಸುಟ್ಟುಕೊಂಡ ಬೆಕ್ಕಿನಂತಾಗಿದ್ದ ನಾನು ಗಾಬರಿಯಿಂದ ಬ್ಯಾಟರಿಯನ್ನು ಹುಡುಕತೊಡಗಿದೆನು. ಆಕೆ ನಕ್ಕು, ಒಂದು ಹೇಂಟೆಯನ್ನು ಹಿಡಿದು ತಂದು ನನ್ನ ಮುಂದೆ ಅದರ ಕೊರಳ ಗರಿಯನ್ನು ಬಿಡಿಸಿ, “ಮಾಸ್ತರ್ರೀ, ಈ ಸಲ ನೀವು ಹೇಳಿದ್ದು ಖರೇ ಆತು ನೋಡ್ರಿ. ಮುಳ್ಳು ಮೂಡ್ಯಾವ. ರಾತ್ರಿನೂ ನೋಡೀನಿ, ಗೂಡಿನ್ಯಾಗ ಏನೂ ಇಲ್ಲ” ಎಂದಳು. ನಾನು ಬೆರಳಿನಿಂದ ಮುಟ್ಟಿ ನೋಡಿದೆನು. ಹೊಸಗರಿಗಳ ಮೊನೆಗಳು ಬೆರಳಿಗೆ ಚುಚ್ಚಿದವು.

ಮುಂದಿನ ತಿಂಗಳು, ಕಾವಿಗಿಟ್ಟ ಮೊಟ್ಟೆಗಳಲ್ಲಿ ಮರಿಯಿರುವುದನ್ನು ದೀಪದ ಬೆಳಕಿನಲ್ಲಿ ಪರೀಕ್ಷಿಸುವ ಕ್ರಮವನ್ನು ವಿಚಾರ ಮಾಡೋಣ.